ಮರಳು ಕುಡಿದ ಮೇಲೆ

ಬೆಳಗಿನ ರೊಟ್ಟಿ ತಟ್ಟೆಗೆ ಬೀಳುವ ಮೊದಲೇ ಗುರುಶಾಂತಮ್ಮ ಗಂಡನ ಮುಂದೆ ಎರಡು ತೆಂಗಿನಕಾಯಿ ತಂದಿಟ್ಟಳು. ನುಸಿ ಹತ್ತಿ ಕಂದುಗಟ್ಟಿ, ಮುಷ್ಟಿಯಷ್ಟಕ್ಕೇ ಮುರುಟಿಹೋದ ಕಾಯಿಗಳು. ತಿಪಟೂರು ಸೀಮೆಯಲ್ಲೆಲ್ಲ ಆ ವರ್ಷ ನುಸಿಯದೇ ಮಾತು.

“ಔಷಧಿ ಹೊಡ್ಸಿದ್ದೂ ಆಯ್ತು. ನೀರು ಗೊಬ್ಬರ ಚೆನ್ನಾಗ್ ಬಿದ್ರೆ ಮರ ತಡ್ಕಂತವೆ ಅಂತಾರೆ. ನೀರೇನೋ ಕಟ್ಟಿದ್ದೀರಿ. ಕಾಟಪ್ಪನ ಮಂದೆ ಯಾವಾಗ ಬತ್ತದೆ?”

“ಇವತ್ತೇ ಕೇಳ್ಕಂಡು ಬತ್ತೀನಿ” ಎಂದ ತೋಂಟದಾರ್ಯ.

ನೀರು ಕಟ್ಟಿದ್ದು ನಿಜ. ಬಾವಿಯ ನೀರು ಎಲ್ಲ ಮರಗಳಿಗೂ ಸಾಲದೆ, ತೋಟದ ಮಗ್ಗುಲಲ್ಲಿ ಹರಿಯುವ ಹಳ್ಳಕ್ಕೆ ಅಡ್ಡವಾಗಿ ಮರಳಿನ ಚೀಲ ಪೇರಿಸಿ, ಹಿಂದೆ ನಿಂತ ನೀರಿಗೆ ಮೋಟಾರು ಇಟ್ಟಿದ್ದ. ಕರೆಂಟು ಯಾವಾಗ ಬರುತ್ತದೋ ಆ ದೇವರಿಗೇ ಗೊತ್ತು; ಅದಕ್ಕೇ ಸ್ಟಾರ್ಟರಿಗೆ ಆಟೋ ಹಾಕಿಸಿದ್ದ. ಕರೆಂಟು ಬಂದರೆ ಸಾಕು, ಮೋಟಾರು ತಾನೇ ಓಡುತ್ತಿತ್ತು. ಅಪ್ಪ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು. ಕಣ್ಣೆದುರೇ ಸೊರಗುವುದನ್ನು ನೋಡಿಕೊಂಡಿರಲು ಯಾವ ಮಗನಿಗೆ ಮನಸ್ಸು ಬಂದೀತು?

ಪ್ರತಿ ಬೇಸಿಗೆಯಲ್ಲೂ ಕಾಟಪ್ಪನ ಕುರಿಮಂದೆ ರಾತ್ರಿ ಹೊತ್ತು ಆ ತೋಟದಲ್ಲಿ ತಂಗುತ್ತಿತ್ತು. ಹಿಕ್ಕೆ, ಗಂಜಲ ಮರಗಳಿಗೆ. ರಾಗಿ, ಕೊಬ್ಬರಿ ಕಾಟಪ್ಪನಿಗೆ. ಅಪ್ಪಂದಿರ ಕಾಲದಿಂದ ಬಂದ ನಂಟು, ಕೇಳುವುದೂ ಒಂದು ಶಾಸ್ತ್ರಕ್ಕಷ್ಟೇ.

ತೋಂಟದಾರ್ಯ ಹಳ್ಳದಲ್ಲೇ ಇಳಿದು ಕೆಳಗಿದ್ದ ಕಾಟಪ್ಪನ ಹಟ್ಟಿಯ ಕಡೆ ನಡೆದ. ಚೀಲದ ಕಟ್ಟೆ ದಾಟಿದರೆ ಹನಿ ನೀರಿಲ್ಲ. ಕಾಲಿಗೆ ಸಿಕ್ಕಿದ್ದು ಬರೀ ಬಿಸಿ ಮರಳು. ದಡದ ಕೇದಿಗೆ ಪೊದೆ ತುದಿಯಿಂದ ಒಣಗುತ್ತಿತ್ತು. ಕಟ್ಟೆ ಕಟ್ಟಿದಾಗಿನಿಂದ ಅವನು ಈ ಕಡೆ ಬಂದೇ ಇರಲಿಲ್ಲ.

ಹಟ್ಟಿಯ ಹತ್ತಿರದ ಹೊಂಗೆ ಮಡು ಎಂಥ ಬೇಸಿಗೆಗೂ ಬತ್ತಿದ್ದಲ್ಲ. ಕುರಿ, ಹಕ್ಕಿ, ಮೀನು ಎಲ್ಲಕ್ಕೂ ಅದೇ ಆಸರೆ. ಈಗ ನಡುವೆ ತಟ್ಟೆಯಷ್ಟು ನೀರು, ಸುತ್ತಲೂ ಕೆಸರು. ಆ ನೀರಿನ ಆಸೆಗೆ ಇಳಿದ ತುಂಬು ಗಬ್ಬದ ಕುರಿಯೊಂದು ಹೊಟ್ಟೆಯವರೆಗೆ ಹೂತುಹೋಗಿತ್ತು. ಕಾಟಪ್ಪ ಕೆಸರಿಗಿಳಿದು ಅದರ ಕತ್ತು ಎತ್ತಿ ಹಿಡಿದಿದ್ದ. ದಡದಲ್ಲಿ ಅವನ ಹೆಂಡತಿ ಜಯಕ್ಕ ಹಗ್ಗ ಬಿಡಿಸುತ್ತಿದ್ದಳು.

“ಮಂದೆ ಕೇಳಕ್ಕೆ ಬಂದ್ರಾ ಗೌಡ್ರೇ?” ಎಂದಳು. “ತಗಳಿ, ಒಂದು ಇಲ್ಲೇ ಐತೆ.”

ತೋಂಟದಾರ್ಯ ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದ. ಕುರಿಯ ಹೊಟ್ಟೆಯಡಿ ಕೈ ಹಾಕಿದರೆ ಅಂಗೈಯಲ್ಲಿ ಏನೋ ನುಣುಚಿತು. ಮೀನು. ಒಂದಲ್ಲ, ಕೆಸರೇ ಮಿಸುಕಾಡುತ್ತಿತ್ತು.

“ನನ್ ಮರಾನೂ ಸಾಯ್ತಾ ಅವೆ ಕಾಟಪ್ಪ. ಅವ್ಕೂ ನೀರು ಬೇಕಲ್ಲ, ನಾನೇನ್ ಮಾಡ್ಲಿ?”

“ಬ್ಯಾಡ ಅಂದೋರ್ಯಾರು ಗೌಡ್ರೇ? ಬೊಗಸೇಲಿ ಕುಡಿಯೋದು ಬ್ಯಾರೆ, ಗಡಿಗೇನೇ ಎತ್ಕಂಡೋಗದು ಬ್ಯಾರೆ. ಹುಟ್ಟಿದಾಗಿಂದ ಈ ಮಡೂನ ತಳ ನಾನು ಕಂಡಿರ್ಲಿಲ್ಲ. ನಾಳೀಕೆ ಕಾಲುವೆ ಕಡೀಕೆ ಮಂದೆ ಹೊಡ್ಕಂಡು ಹೋಗ್ತೀವಿ. ಗೊಬ್ರ ಯಾರ ಮರದ ಬುಡಕ್ಕೆ ಬೀಳ್ತದೋ ಬೀಳ್ಲಿ.”

ಆಗಲೇ ತೋಟದ ಕಡೆಯಿಂದ ಮೋಟಾರಿನ ಸದ್ದು ಎದ್ದಿತು. ಕರೆಂಟು ಬಂದಿತ್ತು. ಮೂವರಿಗೂ ಕೇಳಿಸಿತು. ತೋಂಟದಾರ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹಗ್ಗ ಹಾಕಿ ಮೂವರೂ ಎಳೆದ ಮೇಲೆ ಕುರಿ ದಡಕ್ಕೆ ಬಂತು, ಏಳಲಿಲ್ಲ. ಜಯಕ್ಕ ಅದರ ಹೊಟ್ಟೆ ಮುಟ್ಟಿ ನೋಡಿದಳು. “ಮರಿ ಆಡ್ತಾ ಐತೆ. ಮನೇಲಿ ಒಂದು ಚೊಂಬು ನೀರೈತೆ, ತತ್ತೀನಿ. ಮಿಕ್ಕಿದ್ದಕ್ಕೆ ಎಲ್ಲಿಗ್ ಹೋಗ್ಲಿ?”

ಅವಳು ತಿರುಗಿ ನೋಡುವಷ್ಟರಲ್ಲಿ ತೋಂಟದಾರ್ಯ ತೋಟದ ಕಡೆಗೆ ಓಡುತ್ತಿದ್ದ.

ಮೋಟಾರು ನಿಲ್ಲಿಸಿದ. ಆಟೋದ ವೈರು ಕಿತ್ತೆಸೆದ. ಕಟ್ಟೆಯಿಂದ ಎರಡು ಚೀಲ ತೆಗೆದ. ಎರಡು ಸಾಕು ಎಂದುಕೊಂಡ; ಮನುಷ್ಯನ ಬುದ್ಧಿ, ಕೊಡುವಾಗಲೂ ಅಳೆದೂ ಸುರಿದೂ ಕೊಡುತ್ತದೆ. ನೀರು ಹೊರಟಿತು, ಅದರ ಜೊತೆಗೇ ನಡೆದ. ಮೊದಲ ತಿರುವಿನಲ್ಲಿ ಅದು ನಿಂತುಬಿಟ್ಟಿತು. ಬಂದಷ್ಟನ್ನೂ ಮರಳೇ ಕುಡಿದಿತ್ತು.

ವಾಪಸು ಹೋಗಿ ಇನ್ನೆರಡು ತೆಗೆದ. ಈ ಸಲ ಕೇದಿಗೆ ಪೊದೆಯ ತನಕ ಬಂತು, ಅಲ್ಲಿ ಇಂಗಿತು. ‘ಇಷ್ಟೊಂದು ಒಣಗಿಸಿದ್ದೀನಾ ನಾನು’ ಎಂದು ಅವನಿಗೆ ಅಳುವೇ ಬಂತು.

ಮೋಟಾರು ನಿಂತದ್ದೇಕೆಂದು ನೋಡಲು ಬಂದ ಗುರುಶಾಂತಮ್ಮ ಕಟ್ಟೆ ನೋಡಿ ಗಾಬರಿಯಾದಳು. “ಏನ್ರೀ ಇದು? ಮರಗಳ ಗತಿ?”

“ಬಾವಿ ನೀರನ್ನ ಸರದಿ ಮೇಲೆ ಬುಡ್ತೀನಿ. ಒಂದೊಂದ್ ಮರ ಹೋದ್ರೂ ಹೋಗ್ಬೋದು ಕಣೇ. ಮಂದೆ ಬೇಕು ಅಂದ್ಯಲ್ಲ, ಅದು ನೀರು ಕುಡೀಬ್ಯಾಡ್ವಾ?”

ಅವಳು ಮುರುಟಿದ ಕಾಯಿಗಳಿದ್ದ ಮರಗಳನ್ನೊಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಚೀಲದ ಇನ್ನೊಂದು ತುದಿ ಹಿಡಿದಳು. ಕೊನೆಯ ಚೀಲವೂ ದಡಕ್ಕೆ ಬಂತು.

ಮರಳಿನ ಬಾಯಾರಿಕೆ ತೀರಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ತರಗೆಲೆ ತಳ್ಳಿಕೊಂಡು ನೀರು ಹೊಂಗೆ ಮಡುವಿಗೆ ಇಳಿಯಿತು. ನಿತ್ರಾಣವಾಗಿ ಮಲಗಿದ್ದ ಕುರಿ ತಡವರಿಸುತ್ತ ಎದ್ದು ಮೂತಿ ಚಾಚಿತು. ಕಾಟಪ್ಪ ಅದು ಕುಡಿಯುವುದನ್ನೇ ನೋಡುತ್ತ ಕೂತಿದ್ದ. ಪಕ್ಕಕ್ಕೆ ಬಂದು ನಿಂತ ತೋಂಟದಾರ್ಯನ ಕೆಸರುಗಾಲು ಕಂಡರೂ ತಲೆ ಎತ್ತಲಿಲ್ಲ.

“ಕಾಯಿ ಜಾಸ್ತಿ ಕೆಟ್ಟಿರೋದು ಯಾವ ಸಾಲು ಗೌಡ್ರೇ?” ಎಂದ. “ಅಲ್ಲಿಂದ್ಲೇ ಮಂದೆ ಹಾಕಣ.”