ಗುಂಡು ಕಿಂಡಿ

ಅಯಸ್ಕಾಂತ ಜಾರಿತು.

ಜಾರಬಾರದಿತ್ತು. ಹಿಂದಿನ ಚಕ್ರದ ಮೇಲಿನ ತಗಡಿಗೆ ಅವನು ಅದನ್ನು ಮತ್ತೊಮ್ಮೆ ಒತ್ತಿ, ಬೆರಳು ಸಡಿಲಿಸಿದ. ಮತ್ತೆ ಜಾರಿ ಅಂಗೈಗೆ ಬಿತ್ತು. ಬಣ್ಣದ ಕೆಳಗೆ ಕಬ್ಬಿಣವೇ ಇಲ್ಲ, ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಇರಲಿ, ಹಳೆಯ ಗಾಡಿಯೆಂದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಪುಟ್ಟಿ ಇದ್ದೇ ಇರುತ್ತದೆ, ಮನುಷ್ಯರಿಗೇ ಇರುತ್ತದೆ. ಅವನು ಬಾಗಿಲ ಕಡೆ ಸರಿದು ಬೆರಳ ಗೆಣ್ಣಿನಿಂದ ಬಡಿದ. ಟಕ್, ಟಕ್.

ಬಡಿಯುವುದು ಅವನ ಕಸುಬು. ವಾಹನ ಸಂಗ್ರಹಾಲಯದಲ್ಲಿ, ಹಳೆಯ ಗಾಡಿಯ ಬಾಡಿ ಅಸಲಿಯೋ ನಕಲಿಯೋ ಎಂದು ಹೇಳುವ ಪರೀಕ್ಷಕ. ಜೊತೆಯವರು ಬೆನ್ನ ಹಿಂದೆ ತನ್ನನ್ನು ಟಕಟಕ ಎಂದು ಕರೆಯುತ್ತಾರೆಂಬುದು ಅವನಿಗೆ ಗೊತ್ತು. ಮನೆಯಲ್ಲೂ ಅಷ್ಟೇ, ಕಪಾಟು, ಗೋಡೆ, ಊಟದ ಮೇಜು, ಕಂಡದ್ದನ್ನೆಲ್ಲ ಬಡಿಯುತ್ತಾನೆ. "ನನ್ನ ತಲೇನೂ ಒಂದ್ಸಲ ಬಡಿದು ನೋಡಿ, ಅಸಲಿ ಹೌದೋ ಅಲ್ವೋ," ಎಂದು ಹೆಂಡತಿ ರೇಗಿಸುತ್ತಿದ್ದಳು. ಈಗ ರೇಗಿಸುವುದನ್ನೂ ಬಿಟ್ಟಿದ್ದಾಳೆ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಶೆಡ್ಡು. ಕಾಲು ಮುರಿದ ಮಂಚಗಳ, ಗಾಲಿ ಕಳಚಿದ ಕುರ್ಚಿಗಳ ನಡುವೆ ಆಂಬುಲೆನ್ಸ್ ನಿಂತಿತ್ತು. ಆಸ್ಪತ್ರೆಯ ಮೊಟ್ಟಮೊದಲ ಆಂಬುಲೆನ್ಸ್ ಇದೇ ಎನ್ನುತ್ತಾರೆ ಸೂಪರಿಂಟೆಂಡೆಂಟರು. ಅಸಲಿ ಎಂದು ಇವನು ಬರೆದುಕೊಟ್ಟರೆ ಆಸ್ಪತ್ರೆಯ ಮುಂದಿನ ಹಾಲ್‌ನಲ್ಲಿ ಗಾಜು ಹಾಕಿ ನಿಲ್ಲಿಸುತ್ತಾರೆ. ಇಲ್ಲವಾದರೆ ಗುಜರಿಗೆ.

ಇಷ್ಟೇ ಆಗಿದ್ದರೆ ತಲೆಬಿಸಿ ಇರಲಿಲ್ಲ. ಆದರೆ ಅವನು ಹುಟ್ಟಿದ್ದೇ ಆ ಮೊದಲ ಆಂಬುಲೆನ್ಸಿನಲ್ಲಿ. ಆಸ್ಪತ್ರೆ ಮುಟ್ಟುವ ಮೊದಲೇ, ಓಡುವ ಗಾಡಿಯಲ್ಲೇ ಅಮ್ಮ ಹೆತ್ತಳಂತೆ. ಚಾವಣಿಯಲ್ಲಿ ಒಂದು ಗುಂಡು ಕಿಂಡಿ ಇತ್ತಂತೆ. ಅದರಿಂದ ಬಿಸಿಲು ತಟ್ಟೆಯಷ್ಟಗಲ ಅವಳ ಹೊಟ್ಟೆಯ ಮೇಲೆ ಬಿದ್ದಿತ್ತಂತೆ, ಗಾಡಿ ತಿರುಗಿದಂತೆಲ್ಲ ಅದೂ ಮೈಮೇಲೆ ಓಡಾಡುತ್ತಿತ್ತಂತೆ. ಚಿಕ್ಕಂದಿನಲ್ಲಿ ಈ ಕಥೆ ಕೇಳದೆ ಅವನು ಮಲಗುತ್ತಿರಲಿಲ್ಲ. ದೊಡ್ಡವನಾದ ಮೇಲೆ ಓದಿಕೊಂಡು ಎಲ್ಲವನ್ನೂ ಅನುಮಾನಿಸಲು ಕಲಿತ: ದೇವರನ್ನು, ಭಾಷಣಗಳನ್ನು, ಮದುವೆಯ ಫೋಟೋದಲ್ಲಿ ಹಲ್ಲು ಬಿಟ್ಟು ನಿಂತ ತನ್ನನ್ನೇ. ಆ ಕಿಂಡಿಯೊಂದನ್ನು ಮಾತ್ರ ಮುಟ್ಟಲು ಹೋಗಲಿಲ್ಲ. ಅದೂ ಹೋದರೆ ತನ್ನ ಬಗ್ಗೆ ಹೇಳಿಕೊಳ್ಳಲು ಬೇರೇನೂ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಇದನ್ನು ಫೋನಿನಲ್ಲಿ ಸೂಪರಿಂಟೆಂಡೆಂಟರ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು. "ಹೌದಾ ಸಾರ್! ಹಾಗಾದ್ರೆ ಅಮ್ಮನ್ನೂ ಕರ್ಕೊಂಡು ಬನ್ನಿ. ಗಾಡಿ ಪಕ್ಕ ನಿಲ್ಸಿ ಫೋಟೋ ತೆಗ್ದು ಹಾಲ್‌ನಲ್ಲಿ ಹಾಕೋಣ," ಎಂದುಬಿಟ್ಟರು. ಅಮ್ಮ ಬೆಳಗಾಗುತ್ತಲೇ ತಲೆ ಬಾಚಿ, ಪೌಡರು ಬಳಿದುಕೊಂಡು ತಯಾರಾಗಿದ್ದಳು. ಈಗ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಸೂಪರಿಂಟೆಂಡೆಂಟರಿಗೆ ಮಂಡಿನೋವಿನ ಪುರಾಣ ಶುರು ಮಾಡಿದ್ದಾಳೆ. ಅವರು ಹೂಂಗುಟ್ಟುತ್ತಿದ್ದಾರೆ.

ಅವನು ಗಾಡಿಯೊಳಕ್ಕೆ ಹತ್ತಿದ. ಮೊದಲು ನೋಡಿದ್ದು ಚಾವಣಿಯನ್ನು. ಕಿಂಡಿ ಇರಲಿಲ್ಲ. ಮುಚ್ಚಿರಬಹುದೆಂದು ಉದ್ದಕ್ಕೂ ಅಯಸ್ಕಾಂತ ಆಡಿಸಿದ, ಬೆರಳಿನಿಂದ ಸವರಿದ. ತೇಪೆಯಿಲ್ಲ, ಬೆಸುಗೆಯ ಗುರುತಿಲ್ಲ, ಒಂದೇ ತಗಡು. ಮಂಡಿಯೂರಿ ಬೆಂಚಿನ ಕೆಳಗೆ ಟಾರ್ಚು ಬಿಟ್ಟ. ಸ್ಕ್ರೂಗಳ ತಲೆಯ ಮೇಲೆ ಅಧಿಕ ಚಿಹ್ನೆಯಂಥ ಗೀರು. ಅವನು ಹುಟ್ಟಿದ ಕಾಲದಲ್ಲಿ ಬಾಡಿ ಕಟ್ಟುವವರು ಒಂದೇ ಗೀರಿನ ಸ್ಕ್ರೂ ಹಾಕುತ್ತಿದ್ದರು. ಸ್ಕ್ರೂ ಯಾರು ಬೇಕಾದರೂ ಬದಲಾಯಿಸಬಹುದು, ಸರಿ. ಒಂದನ್ನು ಬಿಚ್ಚಿ ತೂತು ನೋಡಿದ. ಆ ತೂತಿನಲ್ಲಿ ಅದಕ್ಕೂ ಮೊದಲು ಬೇರೆ ಸ್ಕ್ರೂ ಕೂತ ಗುರುತಿರಲಿಲ್ಲ. ಹಲಗೆಯೂ ಗಟ್ಟಿ ಮರವಲ್ಲ, ಪ್ಲೈವುಡ್ಡು. ಕೆಳಗಿನ ಚಾಸಿ ಚೌಕಟ್ಟೇನೋ ಹಳೆಯದೇ. ಆದರೆ ಅದರ ಮೇಲೆ ಈ ಬಾಡಿ ಕೂರಿಸುವ ಹೊತ್ತಿಗೆ ಅವನು ಒಬ್ಬನೇ ಶಾಲೆಗೆ ಹೋಗಿ ಬರುವಷ್ಟು ದೊಡ್ಡವನಾಗಿದ್ದ.

ವಿಚಿತ್ರವೆಂದರೆ ಅವನಿಗೆ ಬೇಸರವಾಗಲಿಲ್ಲ, ಖುಷಿಯಾಯಿತು. ಕಿಂಡಿಯಿದ್ದದ್ದು ಹಳೆಯ ಬಾಡಿಯಲ್ಲಿ. ಅದನ್ನು ಕಿತ್ತು ಎಸೆದಿರಬಹುದು, ಕರಗಿಸಿರಬಹುದು, ಆದರೆ ಅದು ಇತ್ತು. ಇದು ನಕಲಿಯಾದಷ್ಟೂ ಅದು ಅಸಲಿ ಎಂದುಕೊಂಡ. ಬಹಳ ದಿನಗಳ ಮೇಲೆ ಶಿಳ್ಳೆ ಹಾಕೋಣವೆನಿಸಿತು.

"ಏನಾಯ್ತೋ? ನಾನೂ ಹತ್ಲಾ?" ಅಮ್ಮ ಎದ್ದು ಬಂದಿದ್ದಳು.

ಕೈಹಿಡಿದು ಹತ್ತಿಸಿದ. ಅವಳು ಬೆಂಚು ಸವರಿದಳು, ಗೋಡೆಯ ಕೊಕ್ಕೆ ಹಿಡಿದು ಎಳೆದು ನೋಡಿದಳು. "ಇದೇ ಕಣೋ! ಈ ಕೊಕ್ಕೆ ಹಿಡ್ಕೊಂಡೇ ನಾನು ಕಿರುಚಿದ್ದು."

"ಇದಲ್ಲಮ್ಮ."

"ನಿಂಗೇನ್ ಗೊತ್ತು? ನೀನಾಗ ಹುಟ್ಟೇ ಇರ್ಲಿಲ್ಲ."

ಹೊರಗೆ ಸೂಪರಿಂಟೆಂಡೆಂಟರು ಹೋ ಎಂದು ನಕ್ಕರು. ಅಮ್ಮನಿಗೆ ಇನ್ನಷ್ಟು ಹುರುಪು ಬಂತು.

"ಮೇಲೆ ನೋಡು," ಎಂದ ಅವನು. "ಗುಂಡು ಕಿಂಡಿ ಎಲ್ಲಿದೆ?"

"ಯಾವ ಕಿಂಡಿ?"

"ಬಿಸಿಲು ಬೀಳ್ತಿತ್ತು ಅಂತಿದ್ಯಲ್ಲಮ್ಮ. ತಟ್ಟೆಯಷ್ಟಗಲ."

ಅಮ್ಮ ಚಾವಣಿ ನೋಡಿದಳು. ಪಕ್ಕದ ಚೌಕದ ಕಿಟಕಿ ನೋಡಿದಳು. ಒಂದು ಗಳಿಗೆಯೂ ತಡವರಿಸಲಿಲ್ಲ. "ಈ ಕಿಟಕೀಲಿ ಬೀಳ್ತಿತ್ತು. ಚೌಕವಾಗಿ."

"ಗುಂಡು ಅಂತಿದ್ದೆ. ದಿನಾ ಅಂತಿದ್ದೆ."

"ಮಗು ಹಟ ಮಾಡಿದ್ರೆ ಏನೋ ಒಂದು ಹೇಳಿರ್ತೀನಪ್ಪ. ಅದನ್ನೆಲ್ಲ ಗಂಟು ಕಟ್ಕೊಂಡು ಕೂತಿದ್ಯಾ ಇಷ್ಟು ವರ್ಷ?"

ಅವನಿಗೆ ಅಳು ಬಂದಂತಾಯಿತು. ಈ ವಯಸ್ಸಿನಲ್ಲಿ, ಈ ಶೆಡ್ಡಿನಲ್ಲಿ, ಕೈಯಲ್ಲಿ ಅಯಸ್ಕಾಂತ ಹಿಡಿದುಕೊಂಡು! ನಾಚಿಕೆಯೂ ಆಯಿತು.

"ಹಾಗಾದ್ರೆ ನಾನು ಹುಟ್ಟಿದ್ದೆಲ್ಲಿ?"

"ಎಲ್ಲೋ ಒಂದ್ಕಡೆ. ಹುಟ್ಟಿದ್ಯಲ್ಲ, ಸಾಲ್ದಾ?" ಎಂದಳು. ಆಮೇಲೆ ಹೊರಗಿನವರಿಗೆ ಕೇಳದಂತೆ ದನಿ ತಗ್ಗಿಸಿದಳು. "ನೋಡು, ಅವರು ಕುರ್ಚಿ ಹಾಕಿ ಕೂರ್ಸಿ ಎಷ್ಟು ಚೆನ್ನಾಗಿ ಮಾತಾಡಿಸ್ತಿದ್ದಾರೆ. ಮನೇಲಿ ಯಾರು ಮಾತಾಡಿಸ್ತೀರಾ ನನ್ನ? ಇದೇ ಅಂತ ಬರ್ದುಬಿಡೋ. ನಿನ್ನ ಗಂಟೇನು ಹೋಗುತ್ತೆ?"

ಮನೆಯಲ್ಲಿ ಅವಳೊಡನೆ ಕೊನೆಯ ಸಲ ಏನು ಮಾತಾಡಿದ್ದೆನೆಂದು ಅವನು ನೆನಪಿಸಿಕೊಳ್ಳಲು ನೋಡಿದ. ಮಾತ್ರೆ ತಗೊಂಡ್ಯಾ ಎಂದು ಕೇಳಿದ್ದ. ಉತ್ತರ ನೆನಪಾಗಲಿಲ್ಲ, ನಿಂತು ಕೇಳಿಸಿಕೊಂಡಿರಲಿಲ್ಲ.

ಅಮ್ಮ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಮಲಗಿಯೇಬಿಟ್ಟಳು. ಕೊಕ್ಕೆಗೆ ಕೈ ಕೊಟ್ಟು ಕಣ್ಣು ಮುಚ್ಚಿದಳು. "ಬಾಗಿಲು ಹಾಕು ನೋಡೋಣ. ಆಗ್ಲೂ ಹೀಗೇ ಕತ್ತಲಿತ್ತು."

ಅವಳ ಕಥೆಯಿಂದ ಕಿಂಡಿಯ ಜೊತೆ ಈಗ ಬಿಸಿಲೂ ಹೋಯಿತು. ಅವನು ಇಳಿದು ಬಾಗಿಲು ಹಾಕಿದ.

ಮತ್ತೆ ತೆಗೆಯಲು ಹೋದರೆ ಹಿಡಿ ಗಿರ್ರನೆ ಸುತ್ತಿತು, ಚಿಲಕ ಕದಲಲಿಲ್ಲ. ಒಳಗಡೆ ಹಿಡಿಯೇ ಇಲ್ಲವೆಂಬುದನ್ನು ಅವನು ಗಾಡಿ ಹತ್ತಿದಾಗಲೇ ಗಮನಿಸಿದ್ದ.

"ಅಯ್ಯೋ, ಗಾಬರಿ ಆಗ್ಬೇಡಿ ಸಾರ್, ಸಲಾಕೆ ತರಿಸ್ತೀನಿ," ಎಂದು ಸೂಪರಿಂಟೆಂಡೆಂಟರು ಹೊರಟರು. ಶೆಡ್ಡಿನ ಬಾಗಿಲಲ್ಲಿ ತಿರುಗಿ ನಿಂತರು. "ಅಂದ ಹಾಗೆ, ಅಸಲಿ ತಾನೆ?"

ಅವನು ಹಿಡಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಅವರ ಹೆಜ್ಜೆ ದೂರವಾಯಿತು.

"ಅಮ್ಮಾ," ಎಂದು ಬಾಗಿಲನ್ನು ಬಡಿದ. ಟಕ್, ಟಕ್.

ಒಳಗಿನಿಂದಲೂ ಬಂತು, ಟಕ್, ಟಕ್.

ಅವನು ತಗಡಿಗೆ ಕಿವಿ ಹಚ್ಚಿದ. ಒಳಗೆ ಅಮ್ಮ ಏನೋ ಹೇಳುತ್ತಿದ್ದಳು, ಬಹುಶಃ ಅವನ ಹೆಸರು ಹಿಡಿದು ಕೂಗುತ್ತಿದ್ದಳು. ಅವನ ಕಿವಿ ಮಾತ್ರ ಅವಳ ಬೆರಳು ತಾಗಿದ್ದು ಕಬ್ಬಿಣಕ್ಕೋ ಪುಟ್ಟಿಗೋ ಎಂದು ಅಳೆಯುತ್ತಿತ್ತು. ಅದು ಗೊತ್ತಾಗಿಯೂ ಅವನಿಗೆ ನಿಲ್ಲಿಸಲಾಗಲಿಲ್ಲ. ಕಿವಿ ಎತ್ತದೆ ಒಂದು ಗೇಣು ಪಕ್ಕಕ್ಕೆ ಸರಿದು, ಮತ್ತೆ ಬಡಿದು, ಅವಳು ತಿರುಗಿ ಬಡಿಯಲೆಂದು ಕಾದ.