ಬಿಸಿ ಆರುವ ಮೊದಲು

“ಒಳಗೆ ಬರೋ ಹಾಗಿಲ್ಲಮ್ಮ. ರಕ್ತ ನೋಡಿ ಬಿದ್ದುಗಿದ್ದು ಹೋದ್ರೆ ಎತ್ತೋರು ಯಾರು?” ಕಸಾಯಿಖಾನೆಯ ಬಾಗಿಲಿಗೆ ಅಡ್ಡ ನಿಂತು ಕಟುಕ ಕೇಳಿದ.

“ನಾನು ಬಿದ್ರೆ ಬಿದ್ದಿರ್ಲಿ ಬಿಡಣ್ಣ. ಈ ಬಕೆಟ್ ಬೀಳದ ಹಾಗೆ ನೋಡ್ಕೊಂಡ್ರೆ ಸಾಕು,” ಎಂದಳು ಆಕೆ. ಬಕೆಟ್ಟಿನ ತುಂಬ ಪುಡಿ ಮಾಡಿದ ಮಂಜುಗಡ್ಡೆ. ಕಟುಕ ನಕ್ಕುಬಿಟ್ಟ. ನಕ್ಕ ಮೇಲೆ ಅಡ್ಡ ನಿಲ್ಲುವುದು ಕಷ್ಟ.

ಎತ್ತಿನ ಮೇದೋಜೀರಕ ಗ್ರಂಥಿಯಿಂದ ಒಂದೇ ಒಂದು ಪ್ರೊಟೀನನ್ನು ಬೇರ್ಪಡಿಸಿ ಹರಳುಗಟ್ಟಿಸಬೇಕೆಂಬುದು ಆಕೆಯ ಹಟ. ಅಲ್ಲಿಯವರೆಗೆ ಯಾರ ಕೈಯಲ್ಲೂ ಆಗಿರಲಿಲ್ಲ. ಆಕೆಗೂ ಪ್ರತಿ ಸಲ ಸಿಕ್ಕಿದ್ದು ಅಂಟಂಟು ಗಸಿ. ಆಕೆಯ ಕಾಲೇಜಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಹೇಳಿಯಾಗಿತ್ತು: “ಈ ತಿಂಗಳ ಕೊನೆಯೊಳಗೆ ಆಗ್ಲಿಲ್ಲ ಅಂದ್ರೆ ಶೀತಲ ಕೋಣೆ ಬೇರೆಯವರಿಗೆ. ನೀವು ಆರಾಮಾಗಿ ಪಾಠ ಮಾಡ್ಕೊಂಡಿರಿ.” ಆರಾಮಂತೆ! ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು.

ಎಲ್ಲಿ ಎಡವುತ್ತಿದ್ದೇನೆಂದು ಹೊಳೆದದ್ದು ಹಿಂದಿನ ವಾರ. ಜವಾನ ಗ್ರಂಥಿಯನ್ನು ಸೈಕಲ್ಲಿನಲ್ಲಿ ತರುತ್ತಿದ್ದ, ದಾರಿಯಲ್ಲಿ ಟೀ ಕುಡಿದು, ಹರಟೆ ಹೊಡೆದು. ಅಷ್ಟರಲ್ಲಿ ಆ ಬೆಚ್ಚನೆಯ ಗ್ರಂಥಿ ತನ್ನೊಳಗಿನ ಪ್ರೊಟೀನನ್ನು ತಾನೇ ಜೀರ್ಣಿಸಿಕೊಂಡು ಕೂತಿರುತ್ತಿತ್ತು. ಕೊಯ್ದ ಕೂಡಲೇ ಮಂಜುಗಡ್ಡೆಗೆ ಹಾಕಬೇಕು, ತಾನೇ ಹಾಕಬೇಕು ಎಂದು ಆಕೆ ನಿಶ್ಚಯಿಸಿದಳು.

ಕಟುಕ ಕೊಯ್ದು ಕೊಟ್ಟ. ಇನ್ನೂ ಹಬೆಯಾಡುತ್ತಿದ್ದುದನ್ನು ಆಕೆ ಎರಡೂ ಕೈಯಿಂದ ಮಂಜಿನೊಳಗೆ ಹೂತಳು. ಬಸ್ಸಿನಲ್ಲಿ ಆಕೆಯ ಪಕ್ಕ ಯಾರೂ ಕೂರಲಿಲ್ಲ. ಒಳ್ಳೆಯದೇ ಆಯಿತು, ಬಕೆಟ್ಟಿಗೆ ಸೀಟು ಸಿಕ್ಕಿತು.

ಆಮೇಲೆ ಶೀತಲ ಕೋಣೆಯೇ ಮನೆಯಾಯಿತು. ಭಾವನ ಹಳೇ ಸ್ವೆಟರ್ ತೊಟ್ಟು, ಅರೆದು, ಸೋಸಿ, ಚಿಟಿಕೆ ಚಿಟಿಕೆಯಾಗಿ ಉಪ್ಪು ಬೆರೆಸಿದಳು. ಅವಸರ ಮಾಡಿದರೆ ಎಲ್ಲ ಕೆಟ್ಟಂತೆ. ಬುತ್ತಿ ತಂದ ಅಕ್ಕ ಬಾಗಿಲಲ್ಲೇ ಗೊಣಗಿದಳು, “ಮನೆಗೆ ಬಾರೇ ಮಾರಾಯ್ತಿ! ಈ ಚಳೀಲಿ ನೀನೇ ಹರಳುಗಟ್ಟಿ ಹೋಗ್ತೀಯ.”

“ಕಟ್ಟಿದ್ರೆ ಮೊದ್ಲು ನಿಂಗೇ ತೋರಿಸ್ತೀನಿ, ಹೋಗೇ.”

ಗಡುವಿನ ದಿನ ಮುಖ್ಯಸ್ಥರು ಕೋಣೆಯ ಬೀಗ ಹಿಡಿದೇ ಬಂದರು. ಬಾಗಿಲು ಹಾರುಹೊಡೆದು ನಿಂತು ಗಂಟಲು ಸರಿಮಾಡಿಕೊಂಡರು.

“ಬಾಗಿಲು ಹಾಕಿ ಸಾರ್, ತಣುಪು ಹೋಗುತ್ತೆ,” ಎಂದಳು ಆಕೆ, ತಿರುಗದೆಯೇ.

ಅವರು ಒಳಗೆ ಬಂದು ಬಾಗಿಲು ಹಾಕಿದರು. ಆಕೆ ಗಾಜಿನ ನಳಿಕೆಯನ್ನು ದೀಪಕ್ಕೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ದ್ರವದೊಳಗೆ ರೇಷ್ಮೆಯ ಹೊಳಪು ಸುಳಿಸುಳಿಯಾಗಿ ಎದ್ದಿತು. ಹರಳು ಕಟ್ಟಿದರಷ್ಟೇ ಹಾಗೆ ಹೊಳೆಯುವುದು. ಅದು ಅವರಿಗೂ ಗೊತ್ತಿತ್ತು.

ತೆಳು ಅಂಗಿಯಲ್ಲಿ ಮುಖ್ಯಸ್ಥರ ಹಲ್ಲು ಕಟಕಟ ಅನ್ನುತ್ತಿತ್ತು. ಬೀಗವನ್ನು ಜೇಬಿಗೆ ಹಾಕಿಕೊಂಡು ಹತ್ತಿರ ಬಂದರು.

“ಇನ್ನೊಂದ್ಸಲ ಅಲ್ಲಾಡ್ಸಿ,” ಎಂದರು.