ಒಣಮೀನಿನ ಜಾಗದಲ್ಲಿ ಮುಳ್ಳಿನ ಕಿರೀಟ

ಕಾಪುವಿನ ಸಮಸ್ತ ಕಾಗೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಸಂಜೆಯಿಂದ ಐರಿನ್‌ಳ, ಅಂದರೆ ನನ್ನ, ಅಂಗಳದಲ್ಲಿ ಒಣಮೀನು ಸಿಗುವುದಿಲ್ಲ — ಕೇಳಿತಾ, ಕಂಪೌಂಡಿನ ಮೇಲೆ ಕೂತವನೇ, ಹಾಗೆ ಕತ್ತು ಓರೆ ಮಾಡಬೇಡ, ಅಗೋ ಜೀಪು, ಉಡುಪಿ ಜಿಲ್ಲೆ ಆದ ಮೇಲೆ ಹೂವಿನ ಸ್ಪರ್ಧೆಗೂ ಜೀಪು, ತೀರ್ಪು ಕೊಡಲು ಮಣಿಪಾಲದ ಪ್ರೊಫೆಸರಮ್ಮ ಇಳಿದರು, ಬಹುಮಾನ ಬಂದರೆ ಈ ಬಿಸಿಲು ನನ್ನದು, ಬಾರದಿದ್ದರೆ ಮಾಂಯ್‌ದು, ನನ್ನ ಅತ್ತೆಯದು, ಇಬ್ಬರೂ ಜಪಸರ ಹಿಡಿದು ಆಡಿದ ಮಾತು, ಇಡೀ ಅಂಗಳದಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಇದೊಂದೇ ಅಲ್ವಾ, ಉಳಿದದ್ದೆಲ್ಲ ತೆಂಗಿನ ನೆರಳು, ಅವರಿಗೆ ಬಂಗುಡೆ ಒಣಗಬೇಕು, ನನಗೆ ಮುಳ್ಳಿನ ಕಿರೀಟದ ಗಿಡ, ಮೊಣಕಾಲೆತ್ತರ, ಮೈಯೆಲ್ಲ ಮುಳ್ಳು, ಯೇಸುವಿಗೆ ತೊಡಿಸಿದ್ದು ಇದನ್ನೇ ಅಂತೆ, ಅದಕ್ಕೇ ಮಾಂಯ್ ಕಿತ್ತು ಬಿಸಾಡಲಿಲ್ಲ, ಬರೀ ಗೊಣಗಿದ್ದು, ಎಂತ ಬಾಯೆ, ಮೀನಾದರೆ ಮುಳ್ಳು ತೆಗೆದು ತಿನ್ನಬಹುದು, ಇದರಲ್ಲಿ ಮುಳ್ಳು ತೆಗೆದರೆ ಎಂತ ಉಂಟು? — ಮೊದಲ ಮಳೆಗಾಲಕ್ಕೆ ಎಲ್ಲ ಕೊಳೆತು ಹೋಯಿತು, ಆಮೇಲೆ ಪಾಸ್ಕಲ್, ನನ್ನ ಗಂಡ, ಕಾರ್ಕಳದಿಂದ ಲಾರಿಯಲ್ಲಿ ಚೂರುಗಲ್ಲು ತಂದು ಸುರಿದ, ಗುಡ್ಡೆ ಮಾಡಿದೆ, ಹೊಸ ಗಿಡ ನೆಟ್ಟೆ, ಸಂದಿಗೆ ಮರಳು, ನೀರು ನಿಲ್ಲದ ಹಾಗೆ, ಕಲ್ಲಿಗೆ ಗೊಬ್ಬರ ಹಾಕುವವಳನ್ನು ಇವತ್ತೇ ನೋಡಿದ್ದು ಮಾರಾಯ್ತಿ ಅಂತ ಮಾಂಯ್ ನಕ್ಕರು, ನಗಲಿ ನಗಲಿ, ಕ್ರಿಸ್ಮಸ್ ಕಳೆದ ಮೇಲೆ ನೀರೇ ಕೊಡಲಿಲ್ಲ, ಬಾಯಾರಿದರೆ ಜಾಸ್ತಿ ಹೂ ಬಿಡುತ್ತದೆ, ಎಲೆ ಉದುರಿತು, ಉದುರಲಿ, ಈಗ ನೋಡಿ, ಕಲ್ಲಿಗೇ ಜ್ವರ ಬಂದ ಹಾಗೆ ಕೆಂಪು ಕೆಂಪು — ಪ್ರೊಫೆಸರಮ್ಮ ಬಗ್ಗಿದರು, ಪಡುಬಿದ್ರಿಯಿಂದ ಇಲ್ಲಿವರೆಗೆ ಇಷ್ಟು ಚಂದದ್ದು ನೋಡಲಿಲ್ಲ ಅಂದರು, ಅಬ್ಬ, ಕಾಗೇ, ಗಂಟುಮೂಟೆ ಕಟ್ಟು — ಆದರೆ ಐರಿನ್ ಅವರೇ, ಈ ಕೆಂಪು ಉಂಟಲ್ಲ, ಇದು ಹೂವಲ್ಲ, ಬಣ್ಣದ ಎಲೆ, ಹೂವಿನ ವಿಭಾಗಕ್ಕೆ ಸೇರುವುದಿಲ್ಲ, ನಿಯಮ ಉಂಟು. ಹಾಗಾದರೆ ಎಲೆಯ ವಿಭಾಗಕ್ಕೆ ಹಾಕಿ ಮೇಡಂ. ಅದಕ್ಕೆ ಹಸಿರೆಲೆ ಬೇಕಲ್ವಾ, ನೀವು ಒಂದೂ ಉಳಿಸಲಿಲ್ಲ. ದೇವರೇ, ಇದ್ದ ಎಲೆ ಉದುರಿಸಿ ಎಲೆಯನ್ನೇ ಹೂವೆಂದು ಸಾಕಿದವಳು ನಾನು, ಜೀಪು ಹೋಯಿತು, ಮಾಂಯ್ ಮೀನಿನ ಬುಟ್ಟಿ ಸೊಂಟಕ್ಕಿಟ್ಟು ಬಂದೇ ಬಂದರು, ಸರಿ, ಹರಡಿ, ಮಾತು ಮಾತೇ — ಹರಡಲಿಲ್ಲ, ನಿಂತರು, ಇದು ಹೂವಲ್ಲದಿದ್ದರೆ ಹೂವು ಎಲ್ಲಿ ಉಂಟು ಬಾಯೆ? ಕೆಂಪಿನ ನಡುವಿನಲ್ಲಿ, ಮಾಂಯ್, ಅಗೋ, ಎಳ್ಳಿನಷ್ಟು, ಹಳದಿ, ಬುಟ್ಟಿ ನನ್ನ ಕೈಗೆ ಕೊಟ್ಟರು, ಕನ್ನಡಕ ಮೂಗಿಗೆ, ಮೂಗು ಮುಳ್ಳಿನೊಳಗೆ, ಶ್, ಸುಮ್ಮನಿರು, ಸಿಕ್ಕಿತು, ಎಷ್ಟು ಸಣ್ಣ ಮಾರಾಯ್ತಿ, ಇಲ್ಲಿ ಇನ್ನೊಂದುಂಟು, ಬಿಸಿಲು ಏರಿತು, ಅವರು ಏಳಲಿಲ್ಲ, ಎಳ್ಳಿನಷ್ಟು ಹಳದಿ, ಎಳ್ಳಿನಷ್ಟು —